ಮೂರನೆಯವನ ಧರ್ಮ

ಆತಿಥ್ಯವನ್ನು ಕುರಿತು ನಮ್ಮ ಶಾಸ್ತ್ರಗಳು ಹೇಳಿರುವುದೆಲ್ಲವೂ ಬಹುಮಟ್ಟಿಗೆ ಇಬ್ಬರ ಸಂಬಂಧವನ್ನು ಕುರಿತದ್ದು. ಬಾಗಿಲಿಗೆ ಬಂದವನೊಬ್ಬ, ಬಾಗಿಲು ತೆರೆದವನೊಬ್ಬ. ಬಂದವನ ಕಾಲಿಗೆ ನೀರು, ಕುಳಿತುಕೊಳ್ಳಲು ಆಸನ, ಹಸಿವಿಗೆ ಅನ್ನ, ದಣಿವಿಗೆ ಒಳ್ಳೆಯ ಮಾತು, ಇವನ್ನು ಕೊಡಬೇಕಾದವನು ಗೃಹಸ್ಥ. ಕೊಟ್ಟಾಗ ಬರುವ ಪುಣ್ಯವೂ ಕೊಡದಿದ್ದಾಗ ತಟ್ಟುವ ಪಾಪವೂ ಅವನದೇ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವೇದಾಧ್ಯಯನವನ್ನು ಮುಗಿಸಿದ ಶಿಷ್ಯನನ್ನು ಬೀಳ್ಕೊಡುವ ಆಚಾರ್ಯನು ತಾಯಿ, ತಂದೆ, ಗುರು ಇವರ ಸಾಲಿನಲ್ಲಿಯೇ ಅತಿಥಿಯನ್ನೂ ನಿಲ್ಲಿಸಿ, ಆತನನ್ನು ದೈವವೆಂದು ಭಾವಿಸಬೇಕೆಂದು ವಿಧಿಸುವಾಗ, ಆ ವಿಧಿಯು ಗೃಹಸ್ಥನಾಗಲಿರುವ ಒಬ್ಬನ ಕಿವಿಗೆ ನೇರವಾಗಿ ಬೀಳುತ್ತದೆ, ನಡುವೆ ಇನ್ನೊಬ್ಬನಿಲ್ಲ. ಆದರೆ ಆತಿಥ್ಯವು ಮನೆಯಿಂದ ಛತ್ರಕ್ಕೂ ಛತ್ರದಿಂದ ಹೋಟೆಲಿಗೂ ಬಂದು, ವೇತನಕ್ಕಾಗಿ ಮಾಡುವ ಉದ್ಯೋಗವಾದ ಮೇಲೆ, ಈ ಇಬ್ಬರ ನಡುವೆ ಮೂರನೆಯವನೊಬ್ಬನು ಬಂದು ನಿಂತಿದ್ದಾನೆ. ಅವನು ಅತಿಥಿಯಲ್ಲ, ಮನೆಯ ಯಜಮಾನನೂ ಅಲ್ಲ. ಉಣ್ಣುವ ಬಾಯಿ ಅವನದಲ್ಲ, ಬಡಿಸುವ ಕೈಯೂ ಅವನದಲ್ಲ. ಬಡಿಸುವವನು ಸರಿಯಾಗಿ ಬಡಿಸಿದನೆ ಎಂದು ನೋಡುವುದು ಅವನ ಕೆಲಸ. ಹೋಟೆಲಿನವರು ಅವನನ್ನು ಸೂಪರ್‌ವೈಸರ್ ಎನ್ನುತ್ತಾರೆ; ಊಟದ ವಿಭಾಗದಲ್ಲಾದರೆ ಕ್ಯಾಪ್ಟನ್ ಎನ್ನುವುದುಂಟು. ಈ ಮೂರನೆಯವನ ಧರ್ಮ ಯಾವುದು, ಅದನ್ನು ಅಂಗೈಯಗಲದ ಪರದೆಯ ಮೇಲೆ ಕಲಿಸುವುದು ಎಷ್ಟರಮಟ್ಟಿಗೆ ಸಾಧ್ಯ ಎಂಬ ಪ್ರಶ್ನೆ, ವ್ಯವಹಾರದ ಪ್ರಶ್ನೆಯಂತೆ ಕಂಡರೂ, ನನಗೆ ಧರ್ಮಜಿಜ್ಞಾಸೆಯ ಪ್ರಶ್ನೆಯಾಗಿಯೇ ತೋರುತ್ತದೆ.

ಹೋಟೆಲಿನ ವೃತ್ತಿಗೆ ಒಂದು ವಿದ್ಯಾಶಾಲೆ ಬೇಕೆಂಬ ಆಲೋಚನೆ ಸ್ವಿಟ್ಸರ್ಲೆಂಡಿನ ಲೋಸಾನ್ ನಗರದಲ್ಲಿ ೧೮೯೩ರಷ್ಟು ಹಿಂದೆಯೇ ಕಾರ್ಯರೂಪಕ್ಕೆ ಬಂದಿತು. ನಮ್ಮ ದೇಶದಲ್ಲಿ ಲೀಲಾವತಿ ಮುನ್ಶಿಯವರ ಮುಂದಾಳುತನದಿಂದ ೧೯೫೪ರಲ್ಲಿ ಮುಂಬಯಿಯಲ್ಲಿ ಇಂತಹ ಶಾಲೆಯೊಂದು ಹುಟ್ಟಿತು. ಕನ್ನಡನಾಡಿನ ಮಣಿಪಾಲದಲ್ಲಿ ೧೯೮೬ರಲ್ಲಿ ಇನ್ನೊಂದು ಆರಂಭವಾಯಿತು. ಅಮೆರಿಕದ ಹೋಟೆಲುಗಳ ಸಂಘವು ೧೯೫೩ರಲ್ಲಿ ಸ್ಥಾಪಿಸಿದ ಶಿಕ್ಷಣಸಂಸ್ಥೆಯು, ಶಾಲೆಗೆ ಬರಲಾರದ ಕೆಲಸಗಾರರಿಗೆ ದೂರದಿಂದಲೇ ಪಾಠ ಹೇಳುವ ಏರ್ಪಾಡನ್ನು ಬೆಳೆಸಿ, ಮೇಲ್ವಿಚಾರಕರಿಗೆಂದೇ ಪ್ರತ್ಯೇಕವಾದ ಪರೀಕ್ಷೆಯನ್ನೂ ಪ್ರಮಾಣಪತ್ರವನ್ನೂ ಗೊತ್ತುಮಾಡಿತು. ಈಗ ಆ ಪಾಠಗಳೂ ಅವುಗಳಂತಹ ಇನ್ನೆಷ್ಟೋ ಪಾಠಗಳೂ ಮೊಬೈಲಿನ ಮೇಲೆ ದೊರೆಯುತ್ತವೆ. ಭಾರತ ಸರ್ಕಾರವು ೨೦೧೭ರಲ್ಲಿ ತೆರೆದ ‘ಸ್ವಯಂ’ ಎಂಬ ಆನ್‌ಲೈನ್ ವಿದ್ಯಾವ್ಯವಸ್ಥೆಯಿಂದ ಹಿಡಿದು, ದೊಡ್ಡ ಹೋಟೆಲುಗಳು ತಮ್ಮ ತಮ್ಮವರಿಗೆಂದೇ ಮಾಡಿಸಿಕೊಂಡಿರುವ ಪಾಠಮಾಲೆಗಳವರೆಗೆ ಅವುಗಳ ಪ್ರಭೇದಗಳು ಹಲವು. ವಿಷಯ ಮಾತ್ರ ಹೆಚ್ಚುಕಡಿಮೆ ಒಂದೇ. ಹೊಸದಾಗಿ ಸೇರಿದವನಿಗೆ ಕೆಲಸ ಕಲಿಸುವುದು, ಶಿಫ್ಟಿನ ಆರಂಭದಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಬ್ರೀಫಿಂಗ್ ಕೊಡುವುದು, ಡ್ಯೂಟಿಯ ಪಟ್ಟಿ ಬರೆಯುವುದು, ಕೆಲಸವನ್ನು ಹಂಚುವುದು, ಜಗಳವನ್ನು ತೀರಿಸುವುದು, ತಪ್ಪು ಮಾಡಿದವನನ್ನು ತಿದ್ದುವುದು, ಕೋಪಗೊಂಡ ಅತಿಥಿಯನ್ನು ಸಮಾಧಾನಪಡಿಸುವುದು. ಪ್ರತಿಯೊಂದು ಪಾಠಕ್ಕೂ ಒಂದು ಸಣ್ಣ ದೃಶ್ಯ, ಅದರ ಮೇಲೆ ನಾಲ್ಕಾರು ಪ್ರಶ್ನೆ, ಉತ್ತರ ಸರಿಯಾದರೆ ಮುಂದಿನ ಪಾಠ.

ಇದನ್ನು ಕಲಿಯುವವರು ಯಾರು, ಯಾವ ಹೊತ್ತಿನಲ್ಲಿ ಕಲಿಯುತ್ತಾರೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳದೆ ಈ ವಿಷಯದಲ್ಲಿ ಯಾವ ತೀರ್ಮಾನಕ್ಕೆ ಬಂದರೂ ಅದು ನ್ಯಾಯವಾಗದು. ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕಿರುವ ಹೆಣ್ಣುಮಗಳೊಬ್ಬಳು ಒಂದು ಶಿಫ್ಟಿನಲ್ಲಿ ಸುಮಾರು ೧೪ರಿಂದ ೧೬ ಕೋಣೆಗಳನ್ನು ಶುಚಿಮಾಡುತ್ತಾಳೆ. ಒಂದೊಂದರಲ್ಲಿಯೂ ಭಾರವಾದ ಹಾಸಿಗೆಯ ಮೂಲೆಯನ್ನೆತ್ತಿ ಚಾದರವನ್ನು ಮಡಿಸಿ ಸೇರಿಸುವುದು, ಬಚ್ಚಲಿನ ನೆಲವನ್ನು ಬಗ್ಗಿ ಒರೆಸುವುದು, ಕನ್ನಡಿಯ ಮೇಲೆ ನೀರಿನ ಕಲೆ ಉಳಿಯದಂತೆ ನೋಡಿಕೊಳ್ಳುವುದು. ಹೀಗೆ ಕೆಲವು ವರ್ಷ ದುಡಿದ ಮೇಲೆ ಅವಳಿಗೆ ಮೇಲ್ವಿಚಾರಣೆಯ ಹುದ್ದೆ ಕೊಡುವ ಯೋಚನೆ ಮೇಲಿನವರಿಗೆ ಬರುತ್ತದೆ. ಅದಕ್ಕೆ ಮುನ್ನ ಇಷ್ಟು ಪಾಠಗಳನ್ನು ಮುಗಿಸಿರಬೇಕೆಂಬ ನಿಬಂಧನೆಯೂ ಜೊತೆಗೇ ಬರುತ್ತದೆ. ಊಟದ ವಿಭಾಗದವರಿಗೆ ಬ್ರೇಕ್ ಶಿಫ್ಟ್ ಎಂಬುದೊಂದುಂಟು: ಬೆಳಗಿನ ಕೆಲಸ ಮುಗಿದು ಸಂಜೆಯ ಕೆಲಸ ಆರಂಭವಾಗುವುದರೊಳಗಿನ ಮೂರು ನಾಲ್ಕು ಗಂಟೆಗಳಲ್ಲಿ ಮನೆಗೆ ಹೋಗಿಬರಲು ಸಮಯ ಸಾಲದು, ಸುಮ್ಮನೆ ಕುಳಿತಿರಲು ಸಮಯ ಹೆಚ್ಚು. ಪಾಠ ನಡೆಯುವುದು ಆ ಹೊತ್ತಿನಲ್ಲಿ, ಇಲ್ಲವೆ ರಾತ್ರಿ ಹಾಸ್ಟೆಲಿನ ಮಂಚದ ಮೇಲೆ, ಪಕ್ಕದವಳ ನಿದ್ದೆ ಕೆಡದಂತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು.

ಕನ್ನಡಿಗರಿಗೆ ಈ ದೃಶ್ಯ ಪೂರ್ತಿ ಅಪರಿಚಿತವಾದದ್ದಲ್ಲ. ಕಳೆದ ಶತಮಾನದಲ್ಲಿ ದಕ್ಷಿಣಕನ್ನಡದ ಹಳ್ಳಿಗಳಿಂದ ಬರಿಗೈಯಲ್ಲಿ ಮುಂಬಯಿಗೆ ಹೋಗಿ, ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯುವ, ಮೇಜು ಒರೆಸುವ ಮಾಣಿಗಳಾಗಿ ಸೇರಿಕೊಂಡ ಹುಡುಗರು, ಹಗಲೆಲ್ಲ ದುಡಿದು ರಾತ್ರಿ ಅಲ್ಲಿನ ಕನ್ನಡ ರಾತ್ರಿಶಾಲೆಗಳ ಬೆಂಚುಗಳ ಮೇಲೆ ಕುಳಿತು ಓದಿದರು. ಹಾಗೆ ಓದಿದವರಲ್ಲಿ ಗಲ್ಲಾದ ಮೇಲೆ ಕುಳಿತವರುಂಟು, ಸ್ವಂತ ಹೋಟೆಲು ತೆರೆದವರುಂಟು, ವಕೀಲರೂ ಲೇಖಕರೂ ಆದವರುಂಟು. ಆ ಶಾಲೆಗಳ ಮಾಸ್ತರರು ತೂಕಡಿಸುವ ಹುಡುಗನನ್ನು ಕಂಡಾಗ ಅವನು ಸೋಮಾರಿಯೆಂದು ತಿಳಿಯುತ್ತಿರಲಿಲ್ಲ. ಬೆಳಗಿನ ಜಾವಕ್ಕೆ ಎದ್ದವನೆಂದು ತಿಳಿಯುತ್ತಿದ್ದರು. ಪರದೆಯ ಪಾಠಕ್ಕೆ ಕಲಿಯುವವನ ತೂಕಡಿಕೆ ಕಾಣುವುದಿಲ್ಲ. ಆದರೆ ಆ ಒಂದೇ ಕಾರಣದಿಂದ ಅದನ್ನು ಹೀನವೆನ್ನಲು ನನ್ನ ಮನಸ್ಸು ಒಪ್ಪದು. ಏಕೆಂದರೆ ಕಾಣದಿರುವುದರಲ್ಲಿಯೂ ಒಂದು ಔದಾರ್ಯವುಂಟು. ಅಡುಗೆಮನೆಯ ಹಿರಿಯರು ತಮ್ಮ ವಿದ್ಯೆಯನ್ನು ಕಿರಿಯರಿಗೆ ಕೊಡುತ್ತಿದ್ದ ರೀತಿ ಎಲ್ಲ ಕಡೆಯೂ ವಾತ್ಸಲ್ಯದ್ದಾಗಿರಲಿಲ್ಲವೆಂಬುದನ್ನು ಆ ಲೋಕವನ್ನು ಬಲ್ಲವರು ಅರಿಯರೆ? ಬೈಗುಳ, ತಲೆಯ ಮೇಲೊಂದು ಏಟು, ಜಾತಿಯನ್ನು ಕೇಳಿ ಒಳಗೆ ಬಿಡುವ ಅಥವಾ ಬಾಗಿಲಲ್ಲಿಯೇ ನಿಲ್ಲಿಸುವ ಪದ್ಧತಿ, ಇವೆಲ್ಲವೂ ಆ ಗುರುಕುಲದ ಭಾಗವೇ ಆಗಿದ್ದವು. ಪರದೆಯು ಕುಲವನ್ನು ಕೇಳದು. ಹತ್ತು ಸಲ ಕೇಳಿದರೂ ಬೇಸರಿಸದೆ ಅದೇ ಪಾಠವನ್ನು ಅದೇ ಸ್ವರದಲ್ಲಿ ಹೇಳುತ್ತದೆ. ಯುಗಯುಗಗಳಿಂದ ವಿದ್ಯೆಯ ಬಾಗಿಲಲ್ಲಿ ನಿಂತು ಹಿಂದಿರುಗಿದವರ ಮಕ್ಕಳಿಗೆ ಇದು ಅಲ್ಪವಾದ ಲಾಭವಲ್ಲ.

ಹಾಗಾದರೆ ಗುರುವಿನ ಸಾನ್ನಿಧ್ಯವಿಲ್ಲದೆ ಇಂತಹ ವಿದ್ಯೆ ಸಿದ್ಧಿಸುವುದೆ? ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಉಪಕೋಸಲನ ಕಥೆಯನ್ನು ಇಲ್ಲಿ ನೆನೆಯಬೇಕು. ಸತ್ಯಕಾಮ ಜಾಬಾಲನ ಬಳಿ ಬ್ರಹ್ಮಚರ್ಯದಿಂದಿದ್ದ ಈ ಶಿಷ್ಯನು ಹನ್ನೆರಡು ವರ್ಷ ಗುರುವಿನ ಅಗ್ನಿಗಳನ್ನು ಕಾಪಾಡಿದನು. ಗುರುವು ಉಳಿದ ಶಿಷ್ಯರಿಗೆ ಸಮಾವರ್ತನ ಮಾಡಿಸಿ ಕಳುಹಿಸಿದನೇ ಹೊರತು ಇವನನ್ನು ಕಳುಹಿಸಲಿಲ್ಲ, ಇವನಿಗೆ ಏನನ್ನೂ ಉಪದೇಶಿಸಲೂ ಇಲ್ಲ. ಗುರುಪತ್ನಿಯು, ಈ ಹುಡುಗ ಚೆನ್ನಾಗಿ ಸೇವೆ ಮಾಡಿ ದಣಿದಿದ್ದಾನೆ, ಅಗ್ನಿಗಳು ನಿಮ್ಮನ್ನು ನಿಂದಿಸುವ ಮೊದಲು ಇವನಿಗೆ ಉಪದೇಶ ಮಾಡಿ ಎಂಬ ಅರ್ಥದಲ್ಲಿ ಅವನ ಪರವಾಗಿ ಮಾತನಾಡಿದಳು. ಆದರೂ ಗುರುವು ಹೇಳದೆಯೇ ಪ್ರವಾಸಕ್ಕೆ ಹೊರಟುಹೋದನು. ಶಿಷ್ಯನು ದುಃಖದಿಂದ ಅನ್ನವನ್ನು ಬಿಟ್ಟನು. ಆಗ ಅವನು ಅಷ್ಟು ವರ್ಷ ಸೇವಿಸಿದ್ದ ಅಗ್ನಿಗಳೇ ಕರುಣೆಗೊಂಡು ಅವನಿಗೆ ವಿದ್ಯೆಯನ್ನು ಬೋಧಿಸಿದವು. ಬೋಧಿಸಿ, ಮುಂದಿನ ಮಾರ್ಗವನ್ನು ಆಚಾರ್ಯನೇ ನಿನಗೆ ಹೇಳುವನು ಎಂದು ಅಲ್ಲಿಗೆ ನಿಲ್ಲಿಸಿದವು. ಗುರುವು ಹಿಂದಿರುಗಿದಾಗ ಶಿಷ್ಯನ ಮುಖದ ಕಾಂತಿಯನ್ನು ಕಂಡು ಅಗ್ನಿಗಳ ಉಪದೇಶವನ್ನು ಅಲ್ಲಗಳೆಯಲಿಲ್ಲ; ಅದರಲ್ಲಿ ಉಳಿದುಹೋದದ್ದನ್ನು ತಾನು ಪೂರೈಸಿದನು. ಗುರುವಿಲ್ಲದ ಹೊತ್ತಿನಲ್ಲಿ, ಮನುಷ್ಯರಲ್ಲದವುಗಳ ಬಾಯಿಂದ ಬಂದ ವಿದ್ಯೆಯೂ ನಿಜವಾದ ವಿದ್ಯೆಯೇ ಎಂದು ಶ್ರುತಿಯೇ ಒಪ್ಪಿರುವಾಗ, ಮೊಬೈಲಿನ ಪಾಠವನ್ನು ಅದು ಯಂತ್ರವೆಂಬ ಕಾರಣಕ್ಕೆ ತಳ್ಳಿಹಾಕಲು ನಮಗೆ ಆಧಾರವಿಲ್ಲ. ಆದರೆ ಎರಡು ಅಂಶಗಳನ್ನು ಮರೆಯಬಾರದು. ಅಗ್ನಿಗಳು ಹೇಳಿದ್ದು ತಮ್ಮನ್ನು ವರ್ಷಗಟ್ಟಲೆ ಸೇವಿಸಿದವನಿಗೆ. ಮತ್ತು ಅವು ಹೇಳದೆ ಬಿಟ್ಟದ್ದು ನಡೆಯಬೇಕಾದ ದಾರಿಯನ್ನು. ಹದಿನಾರು ಕೋಣೆಗಳ ಅನುಭವವಿಲ್ಲದೆ ಪಾಠವನ್ನಷ್ಟೆ ಮುಗಿಸಿದವನಿಗೆ ಮೊದಲನೆಯದು ಇಲ್ಲ. ಪಾಠ ಮುಗಿಸಿದವಳ ಮೊದಲ ವಾರದ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡುವ ಹಿರಿಯರಿಲ್ಲದ ಕಡೆ ಎರಡನೆಯದು ಇಲ್ಲ.

ಇನ್ನು ಮೂರನೆಯವನ ಅಧಿಕಾರದ ಪ್ರಶ್ನೆ. ಅವನ ನೋಟವು ಬಡಿಸುವವನ ಕೈಯವರೆಗೆ ಹೋಗಬೇಕೆ, ಹೃದಯದವರೆಗೂ ಹೋಗಬೇಕೆ? ನಾನು ಮೇಲೆ ಹೇಳಿದ ತೈತ್ತಿರೀಯದ ಅದೇ ಅನುವಾಕವು ದಾನದ ವಿಷಯವಾಗಿ ಹೇಳುವಾಗ, ಕೊಡುವ ವಸ್ತುವನ್ನು ಕುರಿತು ಏನೂ ಹೇಳದೆ ಕೊಡುವವನ ಮನಸ್ಸಿನ ಸ್ಥಿತಿಯನ್ನೇ, ಅವನ ಶ್ರದ್ಧೆಯನ್ನು, ಲಜ್ಜೆಯನ್ನು, ಭಯವನ್ನು, ತಿಳಿವಳಿಕೆಯನ್ನು ಎತ್ತಿ ಹೇಳುತ್ತದೆ. ಸೇವೆಯ ಸಾರವು ಶ್ರದ್ಧೆಯಲ್ಲಿದ್ದರೆ, ಸೇವೆಯ ಮೇಲ್ವಿಚಾರಕನು ಶ್ರದ್ಧೆಯ ಮೇಲ್ವಿಚಾರಕನೂ ಆಗಬೇಡವೆ? ಹೋಟೆಲಿನ ಉದ್ಯಮವು ಆಗಬೇಕೆಂದೇ ಹೇಳುತ್ತದೆ. ನಗುಮುಖ, ಸ್ವರದ ಮಾರ್ದವ, ಕಣ್ಣಿನ ಸ್ನೇಹ ಇವು ಅದರ ಚೆಕ್‌ಲಿಸ್ಟಿನಲ್ಲಿ ಟವೆಲ್ಲಿನ ಪಕ್ಕದಲ್ಲಿಯೇ ಬರುತ್ತವೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಎಂಬುವರು ವಿಮಾನದ ಪರಿಚಾರಿಕೆಯರನ್ನು ಕುರಿತು ಅಧ್ಯಯನ ಮಾಡಿ ೧೯೮೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಾವವನ್ನೇ ದುಡಿಮೆಯಾಗಿ ಮಾರಬೇಕಾದಾಗ ಮನುಷ್ಯನಿಗೆ ತನ್ನ ಭಾವವೇ ಪರಕೀಯವಾಗುತ್ತಾ ಹೋಗುವ ಬಗೆಯನ್ನು ವಿವರವಾಗಿ ತೋರಿಸಿದರು. ತಂದೆ ಆಸ್ಪತ್ರೆಯಲ್ಲಿರುವ ದಿನ ರಿಸೆಪ್ಷನ್‌ನಲ್ಲಿ ನಿಂತು ನಗಬೇಕಾದ ಹುಡುಗನಿಗೆ, ನಿನ್ನ ನಗುವಿನಲ್ಲಿ ಜೀವವಿಲ್ಲ ಎಂದು ಅಂಕ ಕಡಿಮೆ ಮಾಡುವ ಮೇಲ್ವಿಚಾರಕನು, ತನಗೆ ಯಾರೂ ಕೊಡದ, ಯಾರೂ ಕೊಡಲಾಗದ ಒಂದು ಅಧಿಕಾರವನ್ನು ಚಲಾಯಿಸುತ್ತಿದ್ದಾನೆ. ಶ್ರದ್ಧೆ ಎಂಬುದು ಆಜ್ಞೆಯಿಂದ ಹುಟ್ಟುವ ವಸ್ತುವಲ್ಲ. ವೇತನದಿಂದ ಕೊಂಡುಕೊಳ್ಳಬಹುದಾದದ್ದು ಆಚಾರವನ್ನು ಮಾತ್ರ: ಸಮಯಕ್ಕೆ ಸರಿಯಾಗಿ ಬರುವುದು, ಶುಚಿಯಾಗಿರುವುದು, ಕೇಳಿದ್ದಕ್ಕೆ ಸೌಮ್ಯವಾಗಿ ಉತ್ತರ ಕೊಡುವುದು.

ಹಾಗೆ ಭಾವವಿಲ್ಲದೆ ಮಾಡಿದ ಆಚಾರ ಮಿಥ್ಯಾಚಾರವಾಗದೆ ಎಂದು ಕೇಳುವವರುಂಟು. ಆಗದೆಂದೇ ನನ್ನ ನಂಬಿಕೆ. ದುಃಖದಲ್ಲಿದ್ದವನು ಬಂದವರಿಗೆ ಕೈಮುಗಿದಾಗ ಅವನು ಸುಳ್ಳಾಡುತ್ತಿಲ್ಲ. ತನ್ನ ದುಃಖದ ಭಾರವನ್ನು ಅಪರಿಚಿತನ ಮೇಲೆ ಹೊರಿಸೆನೆಂಬ ವ್ರತವನ್ನು ಪಾಲಿಸುತ್ತಿದ್ದಾನೆ. ಸಂಧ್ಯಾವಂದನೆಗೆ ಕುಳಿತವನ ಮನಸ್ಸು ಪ್ರತಿದಿನವೂ ಒಂದೇ ಸ್ಥಿತಿಯಲ್ಲಿರುವುದೆ? ಆಚಾರವು ಕಾದುಕೊಂಡಿದ್ದರೆ ಭಾವವು ಎಂದಾದರೊಂದು ದಿನ ಅದರೊಳಗೆ ಬಂದು ಸೇರಲು ಸ್ಥಳವಿರುತ್ತದೆ. ಮೇಲ್ವಿಚಾರಕನ ಧರ್ಮ ಆ ಸ್ಥಳವನ್ನು ಕಾಪಾಡುವುದರಲ್ಲಿದೆ, ಒಳಗೆ ಇಣುಕಿ ನೋಡುವುದರಲ್ಲಿಲ್ಲ.

ನೋಡುವುದು ಎಂದೆನಷ್ಟೆ. ನೋಡುವುದರಲ್ಲಿಯೂ ಎರಡು ಪರಂಪರೆಗಳು ನಮ್ಮಲ್ಲಿವೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ೧೯೦೫ರಲ್ಲಿ ದೊರೆತು, ೧೯೦೯ರಲ್ಲಿ ಅವರಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣವು ಬಹುಮಟ್ಟಿಗೆ ಅಧ್ಯಕ್ಷರನ್ನು ಕುರಿತದ್ದು. ಕೋಶದಿಂದ ಹಿಡಿದು ಸುರಾಶಾಲೆಯವರೆಗೆ ಪ್ರತಿಯೊಂದಕ್ಕೂ ಒಬ್ಬ ಅಧ್ಯಕ್ಷ, ಅಧ್ಯಕ್ಷರ ಮೇಲೆ ಗೂಢಚರ. ರಾಜಧನವನ್ನು ಅಪಹರಿಸುವ ಉಪಾಯಗಳು ೪೦ ಎಂದು ಎಣಿಸಿ ಹೇಳುವಷ್ಟು ಆ ಋಷಿಯ ದೃಷ್ಟಿ ಸೂಕ್ಷ್ಮ. ಇಂದಿನ ಹೋಟೆಲಿನ ಕ್ಯಾಮೆರಾ, ಲಾಗ್‌ಬುಕ್, ಡ್ಯೂಟಿ ಮುಗಿಸಿ ಹೊರಡುವವರ ಚೀಲವನ್ನು ಗೇಟಿನಲ್ಲಿ ತೆರೆಸಿ ನೋಡುವ ಪದ್ಧತಿ, ಇವೆಲ್ಲವೂ ಆ ಪರಂಪರೆಗೆ ಸೇರಿದವು. ಸಂಶಯಮೂಲವಾದ ಈ ನೋಟವು ಕೋಶಕ್ಕೆ ಬೇಕಾದದ್ದೇ. ಲೆಕ್ಕವಿಲ್ಲದ ಕಡೆ ಕಳ್ಳನಿಗಿಂತ ಹೆಚ್ಚಾಗಿ ಪ್ರಾಮಾಣಿಕನು ಕಷ್ಟಪಡುತ್ತಾನೆ. ಆದರೆ ಆತಿಥ್ಯವು ಕೋಶವಲ್ಲ. ಬೆಂಗಳೂರಿನಲ್ಲಿ ೧೯೨೪ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳ ನೈರ್ಮಲ್ಯವನ್ನು ಕಂಡುಬಂದು, ತಮ್ಮಲ್ಲಿಯೂ ಶುಚಿತ್ವದ ಕಟ್ಟುನಿಟ್ಟನ್ನು ತಂದು, ಅಡುಗೆಮನೆಯನ್ನು ಗಿರಾಕಿಗಳು ಕಣ್ಣಾರೆ ನೋಡುವಂತೆ ತೆರೆದಿಟ್ಟಾಗ, ಕಾವಲಿನ ಕೆಲಸದ ಬಹುಭಾಗವನ್ನು ಆ ತೆರೆದ ಬಾಗಿಲೇ ಮಾಡಿತು.

ಎರಡನೆಯ ಪರಂಪರೆ ಯಜ್ಞಶಾಲೆಯದು. ಇದನ್ನು ನಾನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ, ಏಕೆಂದರೆ ಮೂರನೆಯವನ ಧರ್ಮಕ್ಕೆ ಇಷ್ಟು ಸಮೀಪವಾದ ಮಾದರಿ ನನಗೆ ಬೇರೆಲ್ಲಿಯೂ ಕಂಡಿಲ್ಲ. ಸೋಮಯಾಗದಲ್ಲಿ ಋಕ್ಕುಗಳನ್ನು ಹೇಳುವವನು ಹೋತೃ, ಕರ್ಮವನ್ನು ನಡೆಸುವವನು ಅಧ್ವರ್ಯು, ಸಾಮವನ್ನು ಹಾಡುವವನು ಉದ್ಗಾತೃ. ಇವರ ಜೊತೆಗೆ ದಕ್ಷಿಣದಲ್ಲಿ ಒಬ್ಬನು ಮೌನವಾಗಿ ಕುಳಿತಿರುತ್ತಾನೆ, ಅವನಿಗೆ ಬ್ರಹ್ಮನೆಂದು ಹೆಸರು. ಅವನು ಮೂರು ವೇದಗಳನ್ನೂ ಬಲ್ಲವನಾಗಿರಬೇಕು; ಆದರೂ ಅವರಂತೆ ಹೇಳುವವನೂ ಅಲ್ಲ, ಹಾಡುವವನೂ ಅಲ್ಲ. ಉಪಕೋಸಲನ ಕಥೆ ಮುಗಿದ ಒಡನೆಯೇ ಛಾಂದೋಗ್ಯವು ಈ ಋತ್ವಿಜನ ಕಾರ್ಯವನ್ನು ವಿವರಿಸುತ್ತದೆ. ಯಜ್ಞಕ್ಕೆ ವಾಕ್ಕು, ಮನಸ್ಸು ಎಂದು ಎರಡು ದಾರಿ. ಉಳಿದವರು ವಾಕ್ಕಿನಿಂದ ಸಂಸ್ಕರಿಸುವುದನ್ನು ಬ್ರಹ್ಮನು ಮನಸ್ಸಿನಿಂದ ಸಂಸ್ಕರಿಸುತ್ತಾನೆ. ಅವರು ಮಂತ್ರ ಹೇಳುತ್ತಿರುವಾಗ ಅವನು ನಡುವೆ ಬಾಯಿ ತೆರೆದರೆ ಎರಡರಲ್ಲಿ ಒಂದು ದಾರಿ ಕೆಟ್ಟು ಯಜ್ಞವು ಕುಂಟುತ್ತದೆ. ಹಾಗಾದರೆ ತಪ್ಪು ಸಂಭವಿಸಿದಾಗ? ಋಕ್ಕಿನಲ್ಲಿ ತಪ್ಪಾದರೆ ಗಾರ್ಹಪತ್ಯದಲ್ಲಿ, ಯಜುಸ್ಸಿನಲ್ಲಾದರೆ ದಕ್ಷಿಣಾಗ್ನಿಯಲ್ಲಿ, ಸಾಮದಲ್ಲಾದರೆ ಆಹವನೀಯದಲ್ಲಿ ಪ್ರಾಯಶ್ಚಿತ್ತದ ಆಹುತಿಯಾಗಬೇಕು. ಇದನ್ನು ಬಲ್ಲ ಬ್ರಹ್ಮನೇ ಯಜ್ಞಕ್ಕೆ ವೈದ್ಯ. ತಪ್ಪಿದವನನ್ನು ಎಬ್ಬಿಸಿ ಹೊರಗೆ ಕಳುಹಿಸುವ ಮಾತೇ ಅಲ್ಲಿ ಇಲ್ಲ. ತಪ್ಪು ಇನ್ನೊಬ್ಬನದು, ಅದನ್ನು ಸರಿಪಡಿಸುವ ಹೊಣೆ ನೋಡುತ್ತ ಕುಳಿತವನದು. ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಪರಮಪುರುಷನನ್ನು ಉಪದ್ರಷ್ಟಾ ಎಂದು ಕರೆದಿರುವುದನ್ನು ವಿವರಿಸುವಾಗ ಶಂಕರಾಚಾರ್ಯರು ಕೊಡುವ ದೃಷ್ಟಾಂತವೂ ಯಜ್ಞಶಾಲೆಯದೇ: ಋತ್ವಿಜರೂ ಯಜಮಾನನೂ ಕರ್ಮದಲ್ಲಿ ಮುಳುಗಿರುವಾಗ, ತಾನು ತೊಡಗದೆ ಸಮೀಪದಲ್ಲಿ ಕುಳಿತು ಅವರ ಗುಣದೋಷಗಳನ್ನು ಕಾಣುವ ಯಜ್ಞವಿದ್ಯಾಕುಶಲನು.

ಆನ್‌ಲೈನ್ ಪಾಠಗಳಲ್ಲಿ ಎಲ್ಲೆಲ್ಲಿಯೂ ಬರುವ ಸೂತ್ರವೊಂದುಂಟು: ಹೊಗಳುವುದಾದರೆ ನಾಲ್ವರ ಎದುರಿಗೆ, ತಿದ್ದುವುದಾದರೆ ಏಕಾಂತದಲ್ಲಿ. ಅತಿಥಿಯ ಮೇಜಿನ ಬಳಿ ಸಾರು ಚೆಲ್ಲಿದ ಹುಡುಗನನ್ನು ಅಲ್ಲಿಯೇ ಗದರಿಸುವ ಕ್ಯಾಪ್ಟನ್, ಮಂತ್ರದ ನಡುವೆ ಬಾಯಿ ತೆರೆದ ಬ್ರಹ್ಮನಂತೆ, ಚೆಲ್ಲಿದ ಸಾರಿಗಿಂತ ಹೆಚ್ಚಿನದನ್ನು ಕೆಡಿಸುತ್ತಾನೆ. ಈ ವಿಷಯದಲ್ಲಿ ಪರದೆಯ ಪಾಠವೂ ಶ್ರುತಿಯೂ ಒಂದೇ ಮಾತನ್ನಾಡುತ್ತವೆ. ಆದರೆ ಪಾಠವು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಪ್ರಾಯಶ್ಚಿತ್ತ ಯಾರದು ಎಂಬ ಮಾತನ್ನು ಎತ್ತುವುದಿಲ್ಲ. ಕಠೋಪನಿಷತ್ತಿನ ಯಮನ ಮನೆಯಲ್ಲಿ ನಚಿಕೇತನೆಂಬ ಅತಿಥಿಯು ಮೂರು ರಾತ್ರಿ ಅನ್ನವಿಲ್ಲದೆ ಕುಳಿತಿದ್ದನು. ಯಮನು ಊರಲ್ಲಿರಲಿಲ್ಲ, ಮನೆಯಲ್ಲಿ ಪತ್ನಿಯೋ ಮಂತ್ರಿಗಳೋ ಇದ್ದಿರಲೇಬೇಕು, ಏಕೆಂದರೆ ಹಿಂದಿರುಗಿದವನಿಗೆ ವಿಷಯವನ್ನು ತಿಳಿಸಿದವರು ಅವರೇ ಎಂದು ಭಾಷ್ಯಕಾರರು ಹೇಳುತ್ತಾರೆ. ಅಂತಹ ಸಮಯದಲ್ಲಿ ಲೋಕದ ರೀತಿ ಯಾವುದೆಂಬುದನ್ನು ಬಲ್ಲೆವು: ಯಾರ ಡ್ಯೂಟಿ, ಯಾರು ನೋಡಲಿಲ್ಲ, ಅವನನ್ನು ಕರೆಯಿರಿ. ಸಮಸ್ತ ಜೀವಿಗಳಿಗೂ ದಂಡನೆಯನ್ನು ವಿಧಿಸುವ ಅಧಿಕಾರಿಯಾದ ಯಮನು ಅಂದು ಯಾರನ್ನೂ ದಂಡಿಸಲಿಲ್ಲ. ಅತಿಥಿಗೆ ನಮಸ್ಕರಿಸಿದನು, ರಾತ್ರಿಗೊಂದರಂತೆ ಮೂರು ವರಗಳನ್ನು ಕೊಟ್ಟನು, ಮೂರನೆಯ ವರವನ್ನು ತೀರಿಸಲು ತನಗೆ ಇಷ್ಟವಿಲ್ಲದಿದ್ದರೂ ಕೊನೆಗೆ ತೀರಿಸಿದನು. ತಾನಿಲ್ಲದಾಗ ನಡೆದದ್ದರ ಸಾಲವನ್ನು ತಾನೇ ತೀರಿಸುವುದು ಮೂರನೆಯವನ ಧರ್ಮದ ಹೃದಯವೆಂದು ನಾನು ತಿಳಿದಿದ್ದೇನೆ.

ಆದರೆ ಸಾಲ ತೀರಿಸಲು ಕೈಯಲ್ಲಿ ಏನಾದರೂ ಇರಬೇಡವೆ? ಯಮನಲ್ಲಿ ವರಗಳಿದ್ದವು. ರಿಟ್ಸ್-ಕಾರ್ಲ್‌ಟನ್ ಹೋಟೆಲುಗಳಲ್ಲಿ ಅತಿಥಿಯೊಬ್ಬನ ತೊಂದರೆಯನ್ನು ಪರಿಹರಿಸಲು ೨,೦೦೦ ಡಾಲರಿನವರೆಗೆ ಮೇಲಿನವರನ್ನು ಕೇಳದೆಯೇ ವೆಚ್ಚ ಮಾಡುವ ಅಧಿಕಾರವನ್ನು ಸಾಮಾನ್ಯ ಕೆಲಸಗಾರನಿಗೂ ಕೊಟ್ಟಿರುವುದು ಪ್ರಸಿದ್ಧವಾಗಿದೆ. ಆ ಮೊತ್ತಕ್ಕಿಂತ ಅದರ ಹಿಂದಿರುವ ವಿಶ್ವಾಸ ದೊಡ್ಡದು. ಇದಕ್ಕೆ ವ್ಯತಿರಿಕ್ತವಾಗಿ, ಗಾಜಿನ ಲೋಟ ಒಡೆದರೆ ಸಂಬಳದಲ್ಲಿ ಹಿಡಿಯುವ, ಗಿರಾಕಿ ಬಿಲ್ಲು ಕೊಡದೆ ಹೋದರೆ ಸಪ್ಲೈಯರನಿಂದ ವಸೂಲು ಮಾಡುವ ಸ್ಥಳಗಳು ನಮ್ಮಲ್ಲಿ ಇನ್ನೂ ಉಂಟು. ಅಂತಹ ಕಡೆ ಸೂಪರ್‌ವೈಸರಿಗೆ ಹೊಣೆಗಾರಿಕೆಯ ಪಾಠವನ್ನು ಪರದೆಯ ಮೇಲೆ ಎಷ್ಟು ಸುಂದರವಾಗಿ ತೋರಿಸಿದರೂ ಅದು ಅವನಿಗೆ ಮಾಡುವ ಅನ್ಯಾಯವೇ. ಪ್ರಾಯಶ್ಚಿತ್ತದ ಆಹುತಿಗೆ ತುಪ್ಪವನ್ನು ಕೊಡದ ಯಜಮಾನನು ಬ್ರಹ್ಮನನ್ನು ಕೂರಿಸಿ ಪ್ರಯೋಜನವೇನು?

ನಿನ್ನೆಯ ಸಂಗಾತಿಗಳ ಮೇಲೆ ಇಂದು ನೋಟವಿಡಬೇಕಾದವಳ ಸಂಕಟವೂ ಸಣ್ಣದಲ್ಲ. ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವರು ಅವಳು ಬಂದೊಡನೆ ಮಾತು ನಿಲ್ಲಿಸುತ್ತಾರೆ. ವಾರದ ರಜೆಯನ್ನು ಯಾರಿಗೆ ಭಾನುವಾರ ಕೊಟ್ಟರೂ ಪಕ್ಷಪಾತದ ಆರೋಪ ಬರುತ್ತದೆ. ಇವಳಿಗೆ ಧೈರ್ಯ ಕೊಡಬಲ್ಲ ನಿದರ್ಶನವೊಂದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುವುದು ಮಾರಯ್ಯನೆಂಬ ಶರಣನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಪತ್ನಿ ಲಕ್ಕಮ್ಮನು ಇದು ನಮ್ಮ ಅಗತ್ಯಕ್ಕೆ ಮೀರಿದ್ದೆಂದು ಹೇಳಿ, ಹೆಚ್ಚಿನದನ್ನು ಹಿಂದಕ್ಕೆ ಹಾಕಿಬರುವಂತೆ ಕಳುಹಿಸಿದಳು. ಅವಳಿಗೆ ಯಾವ ಹುದ್ದೆಯೂ ಇರಲಿಲ್ಲ. ಗಂಡನ ಮೇಲೆ ಅಧಿಕಾರವನ್ನು ಆ ಕಾಲದ ಲೋಕಾಚಾರವೂ ಕೊಟ್ಟಿರಲಿಲ್ಲ. ತಾನೂ ಅದೇ ಕಾಯಕದಲ್ಲಿ ಪಾಲುಗಾರಳಾಗಿದ್ದಳೆಂಬುದೊಂದೇ ಅವಳ ಅರ್ಹತೆ. ಮೇಲಿನಿಂದ ಬಿದ್ದ ನೋಟವಲ್ಲ ಅದು, ಪಕ್ಕದಿಂದ ಬಂದದ್ದು; ಮಾರಯ್ಯನು ಹಿಂದಿರುಗಿ ಹೋದದ್ದೂ ಅದಕ್ಕಾಗಿಯೇ. ಕೆಳಗಿನವರು ತನ್ನನ್ನು ತಿದ್ದಲು ಅವಕಾಶ ಕೊಡುವ ಮೇಲ್ವಿಚಾರಕಿಯು ಈ ಪರಂಪರೆಗೆ ಸೇರುತ್ತಾಳೆ.

ಇದರ ಎದುರಿಗೆ ಇನ್ನೊಂದು ಚಿತ್ರವನ್ನೂ ಇಡಬೇಕು. ಧರ್ಮರಾಜನು ರಾಜಸೂಯದಲ್ಲಿ ಕೆಲಸಗಳನ್ನು ಹಂಚಿದ ಕ್ರಮವನ್ನು ಸಭಾಪರ್ವವು ವಿವರವಾಗಿ ಹೇಳುತ್ತದೆ. ಭಕ್ಷ್ಯಭೋಜ್ಯಗಳಿಗೆ ದುಶ್ಶಾಸನ, ಬ್ರಾಹ್ಮಣರ ಸತ್ಕಾರಕ್ಕೆ ಅಶ್ವತ್ಥಾಮ, ರಾಜರ ಸತ್ಕಾರಕ್ಕೆ ಸಂಜಯ, ವೆಚ್ಚಕ್ಕೆ ವಿದುರ, ಆದದ್ದು ಆಗದ್ದುಗಳನ್ನೆಲ್ಲ ನೋಡಿಕೊಳ್ಳಲು ಭೀಷ್ಮದ್ರೋಣರು. ಕೃಷ್ಣನು ಬಂದವರ ಕಾಲು ತೊಳೆಯುವ ಕೆಲಸವನ್ನು ತಾನಾಗಿ ವಹಿಸಿಕೊಂಡನು. ಕಾಣಿಕೆಗಳನ್ನು ಸ್ವೀಕರಿಸುವ ಕೆಲಸ ದುರ್ಯೋಧನನ ಪಾಲಿಗೆ ಬಂದಿತು. ಅದನ್ನು ಕೊಟ್ಟವರ ಉದ್ದೇಶ ಗೌರವವೇ ಇದ್ದೀತು. ಆದರೆ ದಿನವೆಲ್ಲ ಇನ್ನೊಬ್ಬನ ಐಶ್ವರ್ಯವನ್ನು ಕಣ್ಣಿಂದ ಕಂಡು, ಕೈ ಸೋಲುವವರೆಗೆ ಅದನ್ನು ತೆಗೆದಿಟ್ಟ ದುರ್ಯೋಧನನು ಹಸ್ತಿನಾವತಿಗೆ ಹಿಂದಿರುಗಿ ತಂದೆಯ ಮುಂದೆ ಅದನ್ನೇ ಹೇಳಿಕೊಂಡು ಬೆಂದನು. ಜೂಜು ಅಲ್ಲಿಂದ ಹುಟ್ಟಿತು. ಐಷಾರಾಮದ ಹೋಟೆಲಿನಲ್ಲಿ ದುಡಿಯುವವರು, ತಮ್ಮ ತಿಂಗಳ ಸಂಬಳವನ್ನು ಒಂದು ರಾತ್ರಿಯ ಬಾಡಿಗೆಯಾಗಿ ತೆರುವವರನ್ನು ದಿನವೂ ನೋಡುತ್ತಾರೆ. ಆ ನೋಟವು ಅವರ ಮನಸ್ಸಿನಲ್ಲಿ ಏನನ್ನು ಬಿತ್ತುವುದೆಂಬುದಕ್ಕೆ ಯಾವ ಪಾಠಮಾಲೆಯೂ ಒಂದು ಅಧ್ಯಾಯವನ್ನು ಮೀಸಲಿಟ್ಟಂತೆ ಕಾಣೆ. ನ್ಯಾಯವಾದ ಸಂಬಳ, ಮಲಗಲು ಒಳ್ಳೆಯ ಜಾಗ, ಅತಿಥಿಗೆ ಮಾಡಿದ್ದಕ್ಕೆ ಸ್ವಲ್ಪವಾದರೂ ಸಮನಾದ ಊಟ ಇವು ಸಿಕ್ಕಿದ ಕಡೆ ಆ ಬೀಜ ಮೊಳೆಯುವುದು ಕಷ್ಟ. ಕ್ಯಾಂಟೀನಿನ ಅನ್ನ ಹಳಸಿದೆಯೆ ಎಂದು ತಾನು ಮೊದಲು ಉಂಡು ನೋಡುವ ಸೂಪರ್‌ವೈಸರ್, ತನ್ನ ಕೈಕೆಳಗಿನವರನ್ನೇ ತನ್ನ ಅತಿಥಿಗಳಾಗಿ ಕಂಡಿದ್ದಾನೆ.

ಪಾಠದ ಭಾಷೆಯ ವಿಷಯವಾಗಿ ಒಂದು ಮಾತು. ಬಹಳಷ್ಟು ಪಾಠಗಳು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇವೆ. ರಾಯಚೂರಿನಿಂದ ಬಂದ ಹುಡುಗಿಯು ಪರೀಕ್ಷೆಯಲ್ಲಿ ಸರಿಯುತ್ತರವನ್ನು ಒತ್ತಬಹುದು. ಆದರೆ ಮರುದಿನ ಅವಳು ತನಗಿಂತ ಹತ್ತು ವರ್ಷ ಹಿರಿಯಳಾದ ಕೆಲಸದವಳನ್ನು ಅಕ್ಕಾ ಎಂದು ಕರೆದು ತಿದ್ದಬೇಕೆ, ಹೆಸರು ಹಿಡಿದು ಕರೆದು ತಿದ್ದಬೇಕೆ, ಏಕವಚನವೆ, ಬಹುವಚನವೆ ಎಂಬಲ್ಲಿ ಆ ಪಾಠ ಅವಳ ಕೈ ಬಿಡುತ್ತದೆ. ಗೌರವವೂ ಅಪಮಾನವೂ ನಮ್ಮಲ್ಲಿ ಕ್ರಿಯಾಪದದ ಕೊನೆಯಲ್ಲಿಯೇ ಇರುವುದರಿಂದ, ಮೇಲ್ವಿಚಾರಣೆಯನ್ನು ಕನ್ನಡದಲ್ಲಿ ಮಾಡಬೇಕಾದವರಿಗೆ ಅದನ್ನು ಕನ್ನಡದಲ್ಲಿಯೇ ಕಲಿಸಬೇಕು.

ಕೊನೆಯದಾಗಿ, ಅತಿಥಿಯೇ ಅಧರ್ಮದಿಂದ ನಡೆದಾಗ ಮೂರನೆಯವನು ಎಲ್ಲಿ ನಿಲ್ಲಬೇಕು? ಕೋಣೆ ಶುಚಿಮಾಡಲು ಹೋದ ಹೆಣ್ಣುಮಗಳೊಡನೆ ಅನುಚಿತವಾಗಿ ವರ್ತಿಸುವವನು ದೇವರಾಗಿ ಉಳಿದಾನೆ? ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ದೂರ್ವಾಸನು ಅಂಬರೀಷನ ಮನೆಗೆ ಅತಿಥಿಯಾಗಿ ಬಂದು ಸ್ನಾನಕ್ಕೆ ಹೋಗಿ ತಡಮಾಡಿದನು. ದ್ವಾದಶಿಯ ಪಾರಣೆಯ ವೇಳೆ ಮೀರುವುದೆಂದು ರಾಜನು ನೀರನ್ನು ಮಾತ್ರ ಕುಡಿದನು. ಅಷ್ಟಕ್ಕೇ ಕೋಪಗೊಂಡ ಮುನಿಯು ಕೃತ್ಯೆಯನ್ನು ಸೃಷ್ಟಿಸಿ ಅವನ ಮೇಲೆ ಬಿಟ್ಟಾಗ, ಸುದರ್ಶನಚಕ್ರವು ಅದನ್ನು ಸುಟ್ಟು ಮುನಿಯನ್ನೇ ಬೆನ್ನಟ್ಟಿತು. ಲೋಕಗಳನ್ನೆಲ್ಲ ಸುತ್ತಿ ವೈಕುಂಠಕ್ಕೆ ಬಂದ ದೂರ್ವಾಸನಿಗೆ ವಿಷ್ಣುವು ಆಶ್ರಯ ಕೊಡದೆ, ಅಂಬರೀಷನ ಬಳಿಗೇ ಹೋಗಿ ಕ್ಷಮೆ ಬೇಡುವಂತೆ ಕಳುಹಿಸಿದನು. ಅತಿಥಿಯು ಆತಿಥೇಯನ ಮುಂದೆ ತಲೆಬಾಗಬೇಕಾಯಿತು. ಒಂದು ವರ್ಷ ಊಟಮಾಡದೆ ಅವನ ದಾರಿ ಕಾದಿದ್ದ ಅಂಬರೀಷನು ಮೊದಲು ಅವನಿಗೆ ಬಡಿಸಿದನು. ಅತಿಥಿಯ ದೈವತ್ವಕ್ಕೆ ಮೇರೆಯುಂಟೆಂಬುದನ್ನು ಪುರಾಣವೇ ಹೀಗೆ ಸ್ಪಷ್ಟಪಡಿಸಿದೆ. ದೇಶದ ಕಾನೂನೂ ಇದನ್ನು ಹೇಳುತ್ತದೆ: ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯುವ ೨೦೧೩ರ ಶಾಸನವು, ಕೆಲಸದ ಸ್ಥಳಕ್ಕೆ ಬಂದುಹೋಗುವ ಹೊರಗಿನವರಿಂದಲೂ ಅವರನ್ನು ರಕ್ಷಿಸುವ ಕರ್ತವ್ಯವನ್ನು ಮಾಲೀಕನ ಮೇಲೆ ಹೊರಿಸಿದೆ, ೧೦ ಮಂದಿಯೋ ಹೆಚ್ಚೋ ದುಡಿಯುವ ಕಡೆ ಆಂತರಿಕ ಸಮಿತಿಯೊಂದು ಇರಲೇಬೇಕು. ಕೋಪಗೊಂಡ ಅತಿಥಿಯನ್ನು ಸಮಾಧಾನಪಡಿಸುವ ಪಾಠದಲ್ಲಿ, ಕಾಫಿ ತಣ್ಣಗಿತ್ತೆಂದು ಕೂಗಾಡುವವನನ್ನೂ ಇಂತಹವನನ್ನೂ ಒಂದೇ ಸಾಲಿನಲ್ಲಿ ಇಡುವುದು ಸರ್ವಥಾ ಸಲ್ಲದು. ಅಂತಹ ರಾತ್ರಿ ಮೇಲ್ವಿಚಾರಕಿಯು ಮೊದಲು ಯಾರಿಗೆ ಫೋನು ಮಾಡಬೇಕು, ಆ ಹುಡುಗಿಯನ್ನು ಕೂಡಲೇ ಯಾವ ಕೆಲಸಕ್ಕೆ ಬದಲಿಸಬೇಕು, ಅವಳ ಸಂಬಳಕ್ಕೂ ಹೆಸರಿಗೂ ಧಕ್ಕೆ ಬಾರದಂತೆ ಸಮಿತಿಗೆ ಏನು ಬರೆದುಕೊಡಬೇಕು, ಅತಿಥಿಯ ಎದುರಿಗೆ ನಿಂತು ಕೋಣೆಯನ್ನು ತೆರವು ಮಾಡಿ ಎನ್ನುವ ಅಧಿಕಾರ ತನಗೆ ಎಷ್ಟರಮಟ್ಟಿಗೆ ಉಂಟು, ಇವಿಷ್ಟೂ ಆ ಪಾಠಮಾಲೆಯ ಮೊದಲನೆಯ ಪಾಠದಲ್ಲಿಯೇ, ಅವಳ ಭಾಷೆಯಲ್ಲಿಯೇ ಬರಬೇಕು.